ತೊಳೆದ ತಟ್ಟೆ

ಸ್ಟ್ರಾಬೆರಿ ಕೀಳುವವರಿಗೆ ಆಕಾಶ ಕಾಣುವುದಿಲ್ಲ. ಬೆಳಗಿನಿಂದ ಬಗ್ಗಿರಬೇಕು. ಸಾಲು ಮುಗಿದಾಗ ಸೊಂಟ ಹಿಡಿದು ಎದ್ದರೆ ಮೇಸ್ತ್ರಿಯ ಸೀಟಿ ಕೇಳುತ್ತದೆ. ಮತ್ತೆ ಬಗ್ಗಬೇಕು. ಎರ್ಮೆಲಿಂದಾಳ ಮಗ ಸತ್ತ ಸುದ್ದಿ ಬಂದಾಗಲೂ ನಾವು ಬಗ್ಗಿಯೇ ಇದ್ದೆವು. ಅದಕ್ಕೇ ನನಗೆ ಮೊದಲು ಕಂಡಿದ್ದು ಬೂಟುಗಳು. ಎರಡು ಜೊತೆ ಕರಿ ಬೂಟು, ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ನಮ್ಮ ಹೊಲದ ಕೆಸರಿಗೆ ಅಂಥ ಬೂಟು ಯಾವತ್ತೂ ಬಂದಿರಲಿಲ್ಲ. ವಲಸೆ ಪೊಲೀಸರು ಬಂದರೆಂದು ಅರ್ಧ ಜನ ಪೆಟ್ಟಿಗೆ ಬಿಸಾಕಿ ನೀಲಗಿರಿ ತೋಪಿನ ಕಡೆ ಓಡಿದರು. ಎರ್ಮೆಲಿಂದಾಳೂ ಓಡಿದಳು. ಮಗ ಸತ್ತನೆಂದು ಹೇಳಲು ಬಂದವರಿಂದ ತಾಯಿ ತಪ್ಪಿಸಿಕೊಂಡು ಓಡಿದಳು.

ಅವಳನ್ನು ತೋಪಿನಿಂದ ಕರೆತಂದವಳು ನಾನು. ಅಮೆರಿಕದ ಆ ಹೊಲದಲ್ಲಿ ಇಂಗ್ಲಿಷ್, ಸ್ಪ್ಯಾನಿಷ್, ಮೆಕ್ಸಿಕೋ ಬೆಟ್ಟದ ನಮ್ಮ ಮಿಶ್ತೆಕ್ ಭಾಷೆ ಮೂರೂ ಬರುತ್ತಿದ್ದವಳು ನಾನೊಬ್ಬಳೇ. ಬರುತ್ತಿತ್ತು ಅಂದರೆ ಎಷ್ಟು ಅಂತ ಕೇಳಬೇಡಿ. ಇಂಗ್ಲಿಷ್ ಸಂಜೆ ಶಾಲೆಯಲ್ಲಿ ಕಲಿತದ್ದು. ಬೆರಳ ಸಂದಿಯಲ್ಲಿ ಹಣ್ಣಿನ ಕೆಂಪು ಹಾಗೇ ಇರುತ್ತಿತ್ತು. ಬೆಂಚಿನ ಮೇಲೆ ತಲೆ ಇಟ್ಟರೆ ನಿದ್ದೆ. ಒಂದು ವಾಕ್ಯ ಆಡಿದ ಮೇಲೆ ಅದು ಸರಿಯಿತ್ತೋ ಇಲ್ಲವೋ ಎಂದು ಮನಸ್ಸಿನಲ್ಲೇ ಹತ್ತು ಸಲ ತಿರುವಿ ಹಾಕುವವಳು ನಾನು. ಇದನ್ನೂ ಹಾಗೆಯೇ ಬರೆಯುತ್ತಿದ್ದೇನೆ.

"ಎರ್ಮೆಲಿಂದಾ, ವಲಸೆಯವರಲ್ಲ ಕಣೇ. ಸೈನ್ಯದವರು," ಎಂದೆ.

ಅವಳು ಮರದ ಹಿಂದೆ ಕೂತಿದ್ದಳು. ಮುಖಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚಲಿಲ್ಲ. "ಸೈನ್ಯದವ್ರಾದ್ರೆ ಇನ್ನೂ ಓಡ್ಬೇಕು," ಎಂದಳು.

ಅವಳ ಮಗ ಎಲಾದಿಯೋಗೆ ತಂದೆಯ ಕಡೆಯಿಂದ, ಇಲ್ಲಿ ಕಾಯಂ ಇರಲು ಬಿಡುವ ಹಸಿರು ಕಾರ್ಡು ಸಿಕ್ಕಿತ್ತು. ತಂದೆ ಅದೊಂದು ಕೊಡಿಸಿ ಬೇರೆ ಸಂಸಾರ ಹೂಡಿದ. ಸೈನ್ಯಕ್ಕೆ ಸೇರಿದರೆ ಬೇಗ ಪೌರತ್ವ ಸಿಗುತ್ತದೆ, ಅಮ್ಮನಿಗೂ ಇಲ್ಲಿರುವ ಹಕ್ಕಿನ ಕಾಗದ ಮಾಡಿಸಬಹುದು ಎಂದು ಹುಡುಗ ಹೋದ. ಇರಾಕಿಗೆ ಕಳಿಸಿದರು. ರಸ್ತೆ ಬದಿಯ ಬಾಂಬು. ಸತ್ತ ಮೇಲೆ ಅವನನ್ನು ಅಮೆರಿಕದ ಪ್ರಜೆ ಮಾಡಿದರು. ತಾಯಿಯ ಕೈಗೆ ಮೂರು ಮೂಲೆಯಾಗಿ ಮಡಿಸಿದ ಬಾವುಟ ಕೊಟ್ಟರು. ಅವಳ ಕಾಗದದ ಗತಿ ಏನು ಎಂದು ವಕೀಲರನ್ನು ಕೇಳಿದೆವು. ದಾರಿ ಇದೆ ಎಂದು ಒಬ್ಬ ಹೇಳಿದ. ಕದ್ದು ಗಡಿ ದಾಟಿದವಳಿಗೆ ಆ ದಾರಿ ಮುಚ್ಚಿದೆ ಎಂದು ಇನ್ನೊಬ್ಬ ಹೇಳಿದ. ಇಬ್ಬರೂ ಫೀಸು ತೆಗೆದುಕೊಂಡರು.

ನನಗೂ ಒಬ್ಬ ಮಗನಿದ್ದಾನೆ. ಉರಿಯೆಲ್. ಎರಡು ವರ್ಷದವನಿದ್ದಾಗ ಬೆನ್ನಿಗೆ ಕಟ್ಟಿಕೊಂಡು ಮರುಭೂಮಿ ದಾಟಿಸಿದೆ. ಆ ವಸಂತದಲ್ಲಿ ಹೈಸ್ಕೂಲು ಮುಗಿಸುತ್ತಿದ್ದ. ಅವನಿಗೆ ಹಸಿರು ಕಾರ್ಡೂ ಇಲ್ಲ, ಇನ್ನೊಂದೂ ಇಲ್ಲ. ಅವನನ್ನು ಸೈನ್ಯವೂ ಮುಟ್ಟುವುದಿಲ್ಲ ಎಂದು ನಾನು ಒಳಗೊಳಗೇ ನೆಮ್ಮದಿಯಾಗಿದ್ದೆ. ಆಗ ಹೊಸ ಕಾನೂನಿನ ಮಾತು ಶುರುವಾಯಿತು. ಟಿವಿಯಲ್ಲಿ, ಚರ್ಚಿನಲ್ಲಿ, ಹೊಲದ ಕಕ್ಕಸಿನ ಸಾಲಿನಲ್ಲಿ, ಎಲ್ಲೆಲ್ಲೂ ಸುಧಾರಣೆ, ಸುಧಾರಣೆ. ಚಿಕ್ಕಂದಿನಲ್ಲಿ ಬಂದ ಮಕ್ಕಳು ಎರಡು ವರ್ಷ ಕಾಲೇಜು ಓದಿದರೆ ಕಾಗದ. ಇಲ್ಲವೇ ಎರಡು ವರ್ಷ ಸೈನ್ಯದಲ್ಲಿದ್ದರೆ ಕಾಗದ. ಕಾಲೇಜಿನ ದುಡ್ಡು ನಮ್ಮ ಮಕ್ಕಳಿಗೆ ಎಲ್ಲಿಂದ ಬರಬೇಕು? ಉಳಿದದ್ದು ಒಂದೇ ಬಾಗಿಲು. ಅದನ್ನು ಎರಡು ಬಾಗಿಲು ಅಂತ ಹೇಳುತ್ತಿದ್ದರು.

"ಅಮ್ಮಾ, ಎರಡೇ ವರ್ಷ," ಎಂದ ಉರಿಯೆಲ್.

"ಎಲಾದಿಯೋನೂ ಅದನ್ನೇ ಅಂದಿದ್ದ."

"ಹೋದೋರೆಲ್ಲ ಸಾಯ್ತಾರಾ? ಜಾಸ್ತಿ ಜನ ವಾಪಸ್ ಬರ್ತಾರೆ. ಇಲ್ಲೇ ಇದ್ರೆ ಏನ್ ಮಾಡ್ಲಿ? ನಿನ್ ಥರಾ ಬಗ್ಗಿ ಬಗ್ಗಿ ಸಾಯ್ಲಾ?"

"ಬಗ್ಗಿದೋಳು ಇನ್ನೂ ಸತ್ತಿಲ್ವಲ್ಲಪ್ಪ."

"ಎದ್ ನಿಂತಿದ್ದೂ ಇಲ್ಲ."

ಹೊಲದಲ್ಲಿ ಬಗ್ಗಿದಾಗ ತಲೆಯಲ್ಲಿ ಅದೇ ತಿರುಗುತ್ತಿತ್ತು. ಹೋದರೆ ಬಾಂಬು. ಇದ್ದರೆ ಒಂದು ದಿನ ಕಾರಿನ ದೀಪ ಒಡೆದಿದೆಯೆಂದು ಪೊಲೀಸ್ ಹಿಡಿಯುತ್ತಾನೆ, ಅವನಿಗೆ ನೆನಪೇ ಇಲ್ಲದ ದೇಶಕ್ಕೆ ಎಸೆಯುತ್ತಾರೆ. ಅರ್ಜಿ ಹಾಕಿದರೆ ಮನೆ ವಿಳಾಸ ಸರಕಾರದ ಕೈಗೆ. ಹಾಕದಿದ್ದರೆ ಎಂದೆಂದಿಗೂ ಕತ್ತಲು. ಒಂದೊಂದು ಸಾಲಿನಲ್ಲಿ ಹೋಗಲಿ ಅನ್ನಿಸುತ್ತಿತ್ತು. ಮುಂದಿನ ಸಾಲಿನಲ್ಲಿ ಅವನ ಕಾಲು ಕಟ್ಟಿಹಾಕೋಣ ಅನ್ನಿಸುತ್ತಿತ್ತು. ಹಣ್ಣು ಜಜ್ಜಿಹೋಗುತ್ತಿತ್ತು. ಮೇಸ್ತ್ರಿ ಪೆಟ್ಟಿಗೆಗೆ ಒದ್ದು, "ಏಯ್ ಕುಳ್ಳಿ, ಜಾಮ್ ಮಾಡ್ತಿದ್ದೀಯೇನೇ?" ಎಂದು ಕೂಗುತ್ತಿದ್ದ. ಅವನೂ ಮೆಕ್ಸಿಕೋದವನೇ. ಆದರೆ ಉತ್ತರದವನು, ಬೆಳ್ಳಗಿನವನು. ದಕ್ಷಿಣದ ವಾಹಾಕಾ ಬೆಟ್ಟದ ನಾವು ಅವನಿಗೆ ಕುಳ್ಳರು, ಕರಿಯರು, ಮಾತೇ ಬಾರದವರು.

ನಮ್ಮಲ್ಲಿ ಮಣ್ಣು ಮಾಡಿದ ಮಾತ್ರಕ್ಕೆ ಸತ್ತವರು ಹೋಗುವುದಿಲ್ಲ. ಮನೆಯ ನೆಲದ ಮೇಲೆ ಸುಣ್ಣದಲ್ಲಿ, ಬಣ್ಣ ಹಾಕಿದ ಮರದ ಹೊಟ್ಟಿನಲ್ಲಿ ಶಿಲುಬೆ ಬಿಡಿಸುತ್ತೇವೆ. ಒಂಬತ್ತು ಸಂಜೆ ಅದರ ಸುತ್ತ ಕೂತು ಪ್ರಾರ್ಥನೆ. ಕೊನೆಯ ಸಂಜೆ ಅದನ್ನು ಎತ್ತುತ್ತೇವೆ. ತಲೆ, ಎರಡು ತೋಳು, ಪಾದ, ಹೃದಯ. ಐದು ಭಾಗಕ್ಕೆ ಐದು ಜನ. ಹೂವಿನಿಂದ ಗುಡಿಸಿ ತಟ್ಟೆಗೆ ತುಂಬಿಕೊಳ್ಳಬೇಕು. ಮರುದಿನ ಬೆಳಗ್ಗೆ ಗೋರಿಗೆ ಒಯ್ದು ಸುರಿಯಬೇಕು. ಆಮೇಲಷ್ಟೇ ಅವನು ಹೊರಡುತ್ತಾನೆ. ಎತ್ತಿದವನು ಆ ಮನೆಗೆ ಕೊಂಪಾದ್ರೆ ಆಗುತ್ತಾನೆ. ರಕ್ತ ಹಂಚಿಕೊಳ್ಳದ ನೆಂಟ, ಆದರೆ ಒಡಹುಟ್ಟಿದವರಿಗಿಂತ ಹತ್ತಿರದವನು. ಸಾಯುವ ತನಕ ಬಿಡಿಸಿಕೊಳ್ಳುವಂತಿಲ್ಲ.

ಎಲಾದಿಯೋನನ್ನು ಈ ಊರಿನ ಸ್ಮಶಾನದಲ್ಲೇ ಮಣ್ಣು ಮಾಡಿದೆವು. ಎರ್ಮೆಲಿಂದಾ ಇದ್ದದ್ದು ಒಂದು ಕಾರ್ ಶೆಡ್ಡಿನಲ್ಲಿ. ಅಲ್ಲೇ ಶಿಲುಬೆ ಬಿಡಿಸಿದೆವು. ಹೃದಯ ಬಿಡಿಸಿದ್ದು ನನ್ನ ಉರಿಯೆಲ್. ಇಬ್ಬರೂ ಒಂದೇ ಚೆಂಡಿನಲ್ಲಿ ಆಡಿ ಬೆಳೆದವರು. ಕೆಂಪು ಹೊಟ್ಟನ್ನು ಬೆರಳ ಸಂದಿಯಿಂದ ಸ್ವಲ್ಪ ಸ್ವಲ್ಪವೇ ಬಿಡುತ್ತಾ, ಉಸಿರು ಹಿಡಿದು ಬಿಡಿಸಿದ.

ಕೊನೆಯ ಸಂಜೆ ಹೃದಯ ಎತ್ತಬೇಕಾದವನು ಎಲಾದಿಯೋನ ಜ್ಞಾನತಂದೆ, ದೀಕ್ಷಾಸ್ನಾನದ ದಿನ ಮಗುವನ್ನು ಎತ್ತಿಕೊಂಡವನು. ಅವನು ಗಡಿಯ ಆ ಕಡೆ ಸಿಕ್ಕಿಕೊಂಡಿದ್ದ. ನಾಲ್ಕು ಜನ ಸಿದ್ಧವಿದ್ದರು, ಐದನೆಯವನಿಲ್ಲ. ಅಷ್ಟರಲ್ಲಿ ಓಣಿಯಲ್ಲಿ ದೊಡ್ಡ ಕಾರು ನಿಂತಿತು. ಇಳಿದವನು ಪೆನಿಮನ್, ನಮ್ಮ ಕಣಿವೆಯಿಂದ ಗೆದ್ದು ರಾಜಧಾನಿಗೆ ಹೋದ ಜನಪ್ರತಿನಿಧಿ. ನಮಗೆ ಓಟಿಲ್ಲ, ಅವನನ್ನು ಗೆಲ್ಲಿಸಿದವರು ಬೇರೆಯವರು. ಜೊತೆಗೆ ಕ್ಯಾಮೆರಾದವನು. ಮತ್ತೆ ಅವನ ಕಚೇರಿಯ ಹುಡುಗಿ ಮಾರಿಸೆಲಾ. ಅವಳ ಅಪ್ಪ ಅಮ್ಮನೂ ಒಂದು ಕಾಲಕ್ಕೆ ಲೆಟಿಸ್ ಸೊಪ್ಪು ಕೊಯ್ದವರೇ. ಅವಳು ಹುಟ್ಟಿದ್ದು ಇಲ್ಲಿ.

"ಆಂಟಿ, ಸಾಹೇಬ್ರು ಸಂತಾಪ ಹೇಳೋಕೆ ಬಂದಿದ್ದಾರೆ. ಇದೇನೋ ಶಾಸ್ತ್ರ ಇದ್ಯಂತಲ್ಲ, ಅವ್ರೂ ಸೇರ್ಬಹುದಾ?" ಎಂದು ಮಾರಿಸೆಲಾ ನನ್ನ ಕಿವಿಯಲ್ಲಿ ಕೇಳಿದಳು.

ನಾನು ಎರ್ಮೆಲಿಂದಾಗೆ ಹೇಳಿದೆ. ಅವಳು ಪೆನಿಮನ್‌ನನ್ನು ಮೇಲಿಂದ ಕೆಳಗೆ ನೋಡಿದಳು. "ಹೃದಯ ಅವನೇ ಎತ್ತಲಿ," ಎಂದಳು.

ಪ್ರಾರ್ಥನೆ ಹೇಳಿಸುತ್ತಿದ್ದ ಮುದುಕ ಫೌಸ್ತೀನೋ ತಾತ ಸಿಟ್ಟಾದ. "ತಲೆ ಕೆಟ್ಟಿದ್ಯೇನೇ? ಏನ್ ಎತ್ತಿದ್ದೀನಿ ಅಂತ ಅವನಿಗೆ ಗೊತ್ತಾಗುತ್ತಾ?"

"ನಂಗ್ ಗೊತ್ತಿರುತ್ತಲ್ಲ ತಾತ. ನಮ್ಮನ್ನ ಈ ದೇಶದಲ್ಲಿ ಕೇಳೋರ್ ಯಾರಿದ್ದಾರೆ? ಒಬ್ಬ ದೊಡ್ಡ ಮನುಷ್ಯ ನೆಂಟ ಆಗ್ಲಿ. ಆಮೇಲೆ ಹೆಂಗೆ ಇಲ್ಲ ಅಂತಾನೋ ನೋಡೇ ಬಿಡ್ತೀನಿ."

ಅವಳ ಲೆಕ್ಕ ನನಗೆ ಅರ್ಥವಾಯಿತು. ನನಗೂ ಆಸೆ ಹುಟ್ಟಿತು, ಸುಳ್ಳು ಹೇಳುವುದಿಲ್ಲ. ಸಂಬಂಧಕ್ಕೆ ಕಟ್ಟುಬೀಳದ ಮನುಷ್ಯ ಇರುತ್ತಾನೆಂದು ನಮ್ಮ ಬೆಟ್ಟದಲ್ಲಿ ಯಾರೂ ಕಲಿಸಿರಲಿಲ್ಲ.

ಫೌಸ್ತೀನೋ ತಾತ ಹೇಳಿದ್ದನ್ನೆಲ್ಲ ನಾನು ಒಂದೊಂದಾಗಿ ಇಂಗ್ಲಿಷಿನಲ್ಲಿ ಹೇಳಿದೆ. ಇದು ಹುಡುಗನ ಹೃದಯ. ಈ ರಾತ್ರಿ ತಟ್ಟೆ ನಿಮ್ಮ ಹತ್ತಿರವೇ ಇರಬೇಕು, ನಾಳೆ ಬೆಳಗ್ಗೆ ನೀವೇ ಗೋರಿಗೆ ತರಬೇಕು. ಇವತ್ತಿನಿಂದ ನೀವು ಈ ಮನೆಯವರು. ಪೆನಿಮನ್ ಎದೆಯ ಮೇಲೆ ಕೈ ಇಟ್ಟು, "ಇದು ನನಗೆ ಗೌರವ," ಎಂದ. ಮೊಣಕಾಲೂರಿದ. ಕ್ಯಾಮೆರಾ ಮಿಂಚಿತು. ಕೆಂಪು ಹೊಟ್ಟನ್ನು ಹೂವಿನಿಂದ ಗುಡಿಸಿ ಮಣ್ಣಿನ ತಟ್ಟೆಗೆ ತುಂಬಿಕೊಂಡ. ಅವನ ಕಣ್ಣು ಒದ್ದೆಯಾಗಿತ್ತು. ಅದು ನಾಟಕ ಅಂತ ನಾನು ಹೇಳಲಾರೆ. ಕೊಪಾಲ್ ಧೂಪದ ಹೊಗೆಯೂ ಇರಬಹುದು.

ಊಟಕ್ಕೆ ಕೂತಾಗ ಹೊಸ ಕಾನೂನಿನ ಮಾತು ಬಂತು. "ಎಲ್ಲರಿಗೂ ಕಾಗದ ಅಂದರೆ ಮಸೂದೆಯೇ ಬಿದ್ದುಹೋಗುತ್ತದೆ," ಎಂದು ಪೆನಿಮನ್ ವಿವರಿಸಿದ. "ಯುದ್ಧ ಬೇಡವೆಂದರೆ ಹೇಡಿ ಅನ್ನುತ್ತಾರೆ. ನಿಮ್ಮ ಪರ ನಿಂತರೆ ದೇಶದ್ರೋಹಿ ಅನ್ನುತ್ತಾರೆ. ಅದಕ್ಕೆ ನಡುವಿನ ದಾರಿ. ಸೈನ್ಯಕ್ಕೆ ಹೋದ ಮಕ್ಕಳಿಗೆ ಕಾಗದ. ಇಷ್ಟು ಮಾಡುವುದರಲ್ಲೂ ನನಗೆ ದೊಡ್ಡ ಅಪಾಯವಿದೆ."

ನಾನು ನಮ್ಮ ಮಾತಿನಲ್ಲಿ ಹೇಳಿದೆ.

"ಏನಂತೆ ಅಪಾಯ?" ಎಂದಳು ಎರ್ಮೆಲಿಂದಾ.

"ಮುಂದಿನ ಚುನಾವಣೇಲಿ ಸೋಲಬಹುದಂತೆ."

"ಸೋತ್ರೆ?"

"ಸೋತ್ರೆ ಮನೆಗೆ ಹೋಗ್ತಾರೆ."

"ಮನೆಗೆ," ಎಂದಳು ಅವಳು. ಅವನಿಗೆ ಇನ್ನೊಂದು ತುಂಡು ಕೋಳಿ ಬಡಿಸಿದಳು.

ಮರುದಿನ ಬೆಳಗ್ಗೆ ನಾವು ಗೋರಿಯ ಬಳಿ ನಿಂತಿದ್ದೆವು. ನಾಲ್ಕು ಜನ, ನಾಲ್ಕು ತಟ್ಟೆ. ಮಂಜು ಕರಗಿತು. ಫೌಸ್ತೀನೋ ತಾತ ನಿಂತು ಸಾಕಾಗಿ ನೆಲದ ಮೇಲೆ ಕೂತ. ಗೋರಿ ಕಾಯುವವನು ಬಂದು ಎರಡು ಸಲ ನೋಡಿಹೋದ. ತಟ್ಟೆ ಒಯ್ದಿದ್ದ ಪೆನಿಮನ್ ಬರಲಿಲ್ಲ. ನಾನು ಕಚೇರಿಗೆ ಫೋನ್ ಮಾಡಿದೆ. ಸಾಹೇಬರು ರಾಜಧಾನಿಗೆ ವಿಮಾನ ಹತ್ತಿದರು ಎಂದರು. ತಟ್ಟೆ ಎಲ್ಲಿ ಎಂದೆ. ಯಾವ ತಟ್ಟೆ ಎಂದರು.

ಆ ದಿನದ ಕೂಲಿಯೂ ಹೋಯಿತು. ಮೇಸ್ತ್ರಿಯ ಬೈಗುಳವೂ ಸಿಕ್ಕಿತು. ನಾಲ್ಕು ಭಾಗ ಸುರಿದೆವು. ಐದನೆಯದು ಇಲ್ಲ. ಎರ್ಮೆಲಿಂದಾ ಅವತ್ತಿನಿಂದ ಬಾಗಿಲು ಹಾಕಿಕೊಂಡು ಮಲಗಲಿಲ್ಲ. ಹೃದಯ ಸಿಗದವನು ಅಲೆಯುತ್ತಾ ಮನೆಗೇ ಬರುತ್ತಾನೆ, ಬಾಗಿಲು ಹಾಕಿದ್ದರೆ ನೊಂದುಕೊಳ್ಳುತ್ತಾನೆ ಅಂತ.

ಹೊಲದಲ್ಲಿ ಇದೇ ಹಾಸ್ಯವಾಯಿತು. "ಕೊಂಪಾದ್ರೆ ಇನ್ನೂ ಬಂದಿಲ್ವಾ?" ಎಂದು ಒಂದು ಸಾಲಿನವರು ಕೂಗಿದರೆ ಇನ್ನೊಂದು ಸಾಲಿನವರು, "ವಿಮಾನ ಪಂಕ್ಚರ್ ಅಂತೆ!" ಎನ್ನುತ್ತಿದ್ದರು. "ಈಗ ಪೆನಿಮನ್ ಮಗ ಎಲಾದಿಯೋಗೆ ತಮ್ಮ ಆದ ಹಂಗೆ. ಅಣ್ಣ ಅರ್ಧಕ್ಕೆ ಬಿಟ್ಟ ಚಾಕರೀನ ತಮ್ಮ ಮುಗಿಸ್ಬೇಕಲ್ಲಪ್ಪ ನಮ್ಮೂರಲ್ಲಿ. ಯಾವಾಗ ಯುದ್ಧಕ್ಕೆ ಹೊರಡ್ತಾನಂತೆ?" ಎಂದು ಒಬ್ಬ ಕೇಳಿದ. ಬಗ್ಗಿದವರೆಲ್ಲ ನಕ್ಕರು. ಎರ್ಮೆಲಿಂದಾ ನಗಲಿಲ್ಲ, ಬೈಯಲೂ ಇಲ್ಲ. ಅವಳ ಕೈ ಮಾತ್ರ ಎಲ್ಲರಿಗಿಂತ ಜೋರಾಗಿ ಓಡುತ್ತಿತ್ತು.

ಪೆನಿಮನ್ ವಾಪಸಾದ. ಹಣ್ಣು ತುಂಬುವ ಅಂಗಳದಲ್ಲಿ ಸಭೆ ಎಂದರು. ಲಾರಿಯ ಬೆನ್ನೇ ವೇದಿಕೆ. ಕಾನೂನಿಗೆ ಬೆಂಬಲ ಘೋಷಣೆ, ಟಿವಿಯವರು, ಪಕ್ಕದಲ್ಲಿ ಸೈನ್ಯದವರ ಮೇಜು. ಹೆಸರು ಕೊಟ್ಟ ಹುಡುಗರಿಗೆ ಬೂದು ಬಣ್ಣದ ಅಂಗಿ ಕೊಟ್ಟು ಲಾರಿಯ ಮುಂದೆ ಸಾಲಾಗಿ ನಿಲ್ಲಿಸಿದ್ದರು. ಕಾನೂನು ಬಂದ ಕೂಡಲೇ ಮೊದಲು ಕರೆಯುವುದು ಇವರನ್ನೇ ಅಂತೆ. ಆ ಸಾಲಿನಲ್ಲಿ ಉರಿಯೆಲ್ ನಿಂತಿದ್ದ. ತಲೆಕೂದಲು ಕತ್ತರಿಸಿಕೊಂಡಿದ್ದ. ನನಗೆ ಹೇಳಿರಲಿಲ್ಲ. ಅಷ್ಟು ದೂರದಿಂದ ಅವನ ಬೋಳು ಕತ್ತು ಮಾತ್ರ ಕಂಡಿತು. ಬೆನ್ನಿಗೆ ಕಟ್ಟಿಕೊಂಡಿದ್ದಾಗ ನನ್ನ ಹೆಗಲಿಗೆ ಒರಗುತ್ತಿದ್ದ ಕತ್ತು.

ಮಾರಿಸೆಲಾ ನನ್ನನ್ನು ಪಕ್ಕಕ್ಕೆ ಎಳೆದಳು. "ಆಂಟಿ, ಎರಡೇ ಮಾತು. ಮಗನ ಬಗ್ಗೆ ಹೆಮ್ಮೆ ಇದೆ, ಕಾನೂನು ಬೇಕು. ಅಷ್ಟೇ. ಎರ್ಮೆಲಿಂದಾ ಆಂಟಿ ಏನಂದ್ರೂ ನೀವು ಇಂಗ್ಲಿಷಲ್ಲಿ ಇದನ್ನೇ ಹೇಳಿ."

"ಬೇರೆ ಏನಾದ್ರೂ ಅಂದ್ರೆ?"

"ಯಾರಿಗ್ ಗೊತ್ತಾಗುತ್ತೆ ಆಂಟಿ? ನಿಮ್ಮ ಆ ಕಾಡುಮಾತು ಇಲ್ಲಿ ಯಾರಿಗ್ ಬರುತ್ತೆ?" ಆಮೇಲೆ ದನಿ ತಗ್ಗಿಸಿ ಹೇಳಿದಳು, "ನಿಮ್ ಮಗನೂ ಸಾಲಲ್ಲಿದ್ದಾನೆ. ಹಾಳ್ ಮಾಡ್ಬೇಡಿ."

ಬೆದರಿಕೆಯೋ ಬೇಡಿಕೆಯೋ ತಿಳಿಯಲಿಲ್ಲ. ಎರಡೂ ಇದ್ದಿರಬೇಕು.

ಎರ್ಮೆಲಿಂದಾಳನ್ನೂ ನನ್ನನ್ನೂ ಲಾರಿ ಹತ್ತಿಸಿದರು. ಪೆನಿಮನ್ ಚೆನ್ನಾಗಿ ಮಾತಾಡಿದ. ತ್ಯಾಗ ಎಂದ, ಕನಸು ಎಂದ. "ಈ ತಾಯಿ ನನ್ನ ಕೊಂಪಾದ್ರೆ," ಎಂದೂ ಅಂದ. ಹೆಂಗಸನ್ನು ಕೊಮಾದ್ರೆ ಅನ್ನಬೇಕು. ಯಾರೂ ತಿದ್ದಲಿಲ್ಲ, ಚಪ್ಪಾಳೆ ತಟ್ಟಿದರು. ಬಾವುಟ ಅಪ್ಪಿಕೊಂಡು ನಿಂತಿದ್ದ ಎರ್ಮೆಲಿಂದಾಳ ಕೈಗೆ ಅವನು ಹೊಳೆಯುವ ಕಾಗದದಲ್ಲಿ ಸುತ್ತಿದ ಉಡುಗೊರೆ ಕೊಟ್ಟ. ರಿಬ್ಬನ್ ಕಟ್ಟಿತ್ತು. ಅವಳು ಬಾವುಟವನ್ನು ನನಗೆ ಕೊಟ್ಟು ಬಿಚ್ಚಿದಳು. ಒಳಗೆ ಚಾಕಲೇಟು. ಚಾಕಲೇಟಿನ ಕೆಳಗೆ ನಮ್ಮ ಮಣ್ಣಿನ ತಟ್ಟೆ.

ಅವಳು ಚಾಕಲೇಟುಗಳನ್ನು ಒಂದೊಂದಾಗಿ ತೆಗೆದು ಲಾರಿಯ ಹಲಗೆಯ ಮೇಲಿಟ್ಟಳು. ತಟ್ಟೆಯನ್ನು ಬಿಸಿಲಿಗೆ ಹಿಡಿದಳು. ಫಳಫಳ ಅನ್ನುತ್ತಿತ್ತು.

"ಒಡೀಲಿಯಾ, ಇದ್ರಲ್ಲಿದ್ದದ್ದು ಎಲ್ಲಿ ಅಂತ ಕೇಳು," ಎಂದಳು ನನಗೆ.

ಕೇಳಿದೆ. ಪೆನಿಮನ್ ಮಾರಿಸೆಲಾಳ ಕಡೆ ನೋಡಿದ. ಅವಳು ನಕ್ಕಳು. "ಪುಡಿ ಅಂಟಿತ್ತು ಆಂಟಿ. ಆಫೀಸ್ ಸಿಂಕಲ್ಲಿ ತೊಳೆದು ತಂದಿದ್ದೀವಿ. ಖಾಲಿ ಕೊಡೋದು ಚೆನ್ನಾಗಿರಲ್ಲ ಅಂತ..."

ಅದನ್ನು ಎರ್ಮೆಲಿಂದಾಗೆ ಹೇಳಬೇಕಾದವಳು ನಾನು. ಹೇಳಿದೆ. ಅವಳ ಮುಖದಲ್ಲಿ ಏನೂ ಆಗಲಿಲ್ಲ. ಕುತ್ತಿಗೆಯ ನರ ಮಾತ್ರ ಬಿಗಿಯಿತು, ತುಂಬಿದ ಪೆಟ್ಟಿಗೆ ಎತ್ತುವಾಗ ಬಿಗಿಯುವ ಹಾಗೆ. ಮೈಕಿನ ಮುಂದೆ ಹೋದಳು. ನಮ್ಮ ಮಾತಿನಲ್ಲಿ, ಕೂಗದೆ, ಹೊಲದಲ್ಲಿ ನೀರು ಕೇಳುವಷ್ಟೇ ದನಿಯಲ್ಲಿ ಮಾತಾಡಿದಳು. ಮುಗಿಸಿ ನನ್ನ ಕಡೆ ತಿರುಗಿದಳು.

ಮಾರಿಸೆಲಾಳ ಬೆರಳು ನನ್ನ ಮೊಣಕೈಗೆ ಒತ್ತುತ್ತಿತ್ತು. ಎರಡೇ ಮಾತು. ಉರಿಯೆಲ್ ನನ್ನನ್ನೇ ನೋಡುತ್ತಿದ್ದ. ಅವನಿಗೆ ನಮ್ಮ ಮಾತು ಬರುತ್ತದೆ. ಅವಳು ಹೇಳಿದ್ದು ಅವನಿಗಾಗಲೇ ಗೊತ್ತಿತ್ತು. ಅಮ್ಮ ಏನು ಹೇಳುತ್ತಾಳೆ ಎಂದು ಕಾಯುತ್ತಿದ್ದ. ಬಗ್ಗಿ ಅಭ್ಯಾಸವಾದ ಬೆನ್ನು, ನೆಟ್ಟಗೆ ನಿಂತರೆ ನೋಯುತ್ತದೆ.

ಅವಳ ಮಾತನ್ನೇ ನಾನು ಮೈಕಿನಲ್ಲಿ ಇಂಗ್ಲಿಷಿನಲ್ಲಿ ಹೇಳಿದೆ.

"ನೀನು ಮೊಣಕಾಲೂರಿ ನನ್ನ ಮಗನ ಹೃದಯ ಎತ್ತಿದೆ. ಅದನ್ನು ಚರಂಡಿಗೆ ಬಿಟ್ಟೆ. ತಟ್ಟೆ ತೊಳೆದು, ಸಿಹಿ ತುಂಬಿ ತಂದೆ. ಈಗ ಇನ್ನೂ ಮಕ್ಕಳು ಬೇಕು ಅಂತೀಯ. ಇವರ ಬೆವರು ತಗೊಂಡಿದ್ದೀಯ. ನಮ್ಮ ಬೆನ್ನು ತಗೊಂಡಿದ್ದೀಯ. ಕಾಗದ ಬೇಕು, ಹೌದು. ದುಡಿದಿದ್ದಕ್ಕೆ ಕೊಡು. ಸಾಯೋದಕ್ಕೆ ಕೊಡಬೇಡ. ಆ ಲೆಕ್ಕಕ್ಕೆ ನಾನು ಒಪ್ಪೋದಿಲ್ಲ."

ಯಾರೋ ಮೈಕು ಆರಿಸಿದರು. ಆದರೆ ಅಂಗಳ ಅಷ್ಟು ನಿಶ್ಶಬ್ದವಾಗಿತ್ತು, ಕೊನೆಯ ಮಾತು ಎಲ್ಲರಿಗೂ ಕೇಳಿತು. ಪೆನಿಮನ್ ಕೈ ಎತ್ತಿ, "ಇದು ತಪ್ಪು ತಿಳಿವಳಿಕೆ. ಇನ್ನೊಂದು ಮಾಡಿಸೋಣ. ಖರ್ಚು ನಮ್ಮದು," ಎಂದ.

ಆಗ ಸಾಲಿನಿಂದ ಉರಿಯೆಲ್ ಇಂಗ್ಲಿಷಿನಲ್ಲೇ ಕೇಳಿದ. ಪೆನಿಮನ್‌ನನ್ನಲ್ಲ, ಮಾರಿಸೆಲಾಳನ್ನು.

"ತೊಳೆದಾಗ ನೀರು ಯಾವ ಬಣ್ಣ ಆಯ್ತು?"

ಅವಳು ತಟ್ಟೆಯ ಕಡೆ ನೋಡಿದಳು. "ಕೆಂಪು," ಎಂದಳು. ಅಳು ಬಂದು ಮುಖ ತಿರುಗಿಸಿಕೊಂಡಳು. ಅವಳನ್ನು ನಾನು ದ್ವೇಷಿಸಲಾರೆ. ಹೇಳಿದ ಕೆಲಸ ಮಾಡಿದಳು. ನಾವೂ ಹೇಳಿದ ಕೆಲಸ ಮಾಡಿಯೇ ಇಷ್ಟು ವರ್ಷ ಬದುಕಿದವರು.

ಉರಿಯೆಲ್ ಬೂದು ಅಂಗಿ ತೆಗೆದ. ಬರಿ ಮೈಯಲ್ಲಿ ನಿಂತ. ಅಂಗಿಯನ್ನು ಮಡಿಸಲಿಲ್ಲ. ಹಾಗೆಯೇ ಲಾರಿಯ ಹಲಗೆಯ ಮೇಲೆ, ಚಾಕಲೇಟಿನ ಪಕ್ಕ ಬಿಸಾಕಿದ. ಅವನ ಹಿಂದೆ ಮೂವರು ತೆಗೆದರು. ಉಳಿದವರು ತೆಗೆಯಲಿಲ್ಲ. ಅವರ ಮೇಲೆ, ಅವರ ಅಮ್ಮಂದಿರ ಮೇಲೆ ನನಗೆ ಸಿಟ್ಟಿಲ್ಲ. ನಾನು ಸರಿ, ಅವರು ತಪ್ಪು ಎಂದು ಹೇಳುವ ಧೈರ್ಯ ನನಗಿಲ್ಲ. ಉರಿಯೆಲ್‌ನ ಮುಂದಿನ ದಾರಿ ಯಾವುದು ಎಂದು ಕೇಳಿದರೆ ಇವತ್ತಿಗೂ ನನಗೆ ಗೊತ್ತಿಲ್ಲ. ಅವನೂ ಕೇಳುತ್ತಾನೆ. ಅದನ್ನೇ ಹೇಳುತ್ತೇನೆ.

ಮರುದಿನ ಮೇಸ್ತ್ರಿ ನಮ್ಮಿಬ್ಬರಿಗೂ ಹೊಲದ ಗೇಟು ತೋರಿಸಿದ. "ಟಿವಿ ಸ್ಟಾರ್‌ಗಳಿಗೆ ಇಲ್ಲಿ ಕೆಲಸ ಇಲ್ಲ, ನಡೀರಿ."

ನಾವು ಫೌಸ್ತೀನೋ ತಾತನ ಹತ್ತಿರ ಹೋದೆವು. ಹೃದಯ ಮತ್ತೆ ಬಿಡಿಸಬಹುದಾ ಎಂದು ಕೇಳಿದೆವು. ತಾತ ಟೋಪಿ ತೆಗೆದು ಮಂಡಿಯ ಮೇಲಿಟ್ಟ.

"ಮನೇಲಿ ಆಗಲ್ಲ. ಮನೆಯಿಂದ ಅವನನ್ನ ಎತ್ತಿ ಆಗಿದೆ. ನಮ್ಮ ಬೆಟ್ಟದಲ್ಲಿ ದಾರೀಲಿ ಸತ್ತೋರಿಗೆ ಏನ್ ಮಾಡ್ತೀವಿ? ಬಿದ್ದ ಜಾಗದಲ್ಲೇ ಬಿಡಿಸ್ತೀವಿ, ಬಿದ್ದ ಜಾಗದಿಂದ್ಲೇ ಎತ್ತುತೀವಿ. ಇವನ ಹೃದಯ ಎಲ್ಲಿ ಬಿತ್ತು?"

ಎರ್ಮೆಲಿಂದಾ ಶಾಲಿನಲ್ಲಿ ತೊಳೆದ ತಟ್ಟೆ ಕಟ್ಟಿಕೊಂಡು ಎದ್ದಳು.

ಪೆನಿಮನ್‌ನ ಕಚೇರಿ ಊರಿನ ದೊಡ್ಡ ಬೀದಿಯಲ್ಲಿದೆ. ಗಾಜಿನ ಬಾಗಿಲು. ಮುಂದೆ ಕಾಲುದಾರಿ. ಕಾಲುದಾರಿಯ ಅಂಚಿನಲ್ಲಿ ಚರಂಡಿ, ಅದರ ಬಾಯಿಗೆ ಕಬ್ಬಿಣದ ಜಾಲರಿ. ಕಚೇರಿಯ ನೀರೆಲ್ಲ ಅಲ್ಲಿಗೇ ಹೋಗುತ್ತದೋ ಇಲ್ಲವೋ ನನಗೆ ಖಾತ್ರಿಯಿಲ್ಲ. ಎರ್ಮೆಲಿಂದಾಗೆ ಖಾತ್ರಿಯಿತ್ತು. ಸಂಜೆಯ ಬಿಸಿಲಲ್ಲಿ ಉರಿಯೆಲ್ ಜಾಲರಿಯ ಪಕ್ಕ ಮಂಡಿಯೂರಿ ಕೆಂಪು ಹೊಟ್ಟಿನಿಂದ ಹೃದಯ ಬಿಡಿಸಿದ. ಗಾಳಿ ಬಂದಾಗ ನಾವು ಹೆಂಗಸರು ಲಂಗ ಹರಡಿ ಸುತ್ತ ಕೂತು ತಡೆದೆವು. ಮೇಣದ ಬತ್ತಿ ಹಚ್ಚಿದೆವು. ತಾತ ಪ್ರಾರ್ಥನೆ ಶುರು ಮಾಡಿದ. ಮೊದಲ ಸಂಜೆ ಏಳು ಜನ. ಆಮೇಲೆ ಬೇರೆ ಹೊಲದವರು, ಮಂಡಿಯಲ್ಲಿ ಕೆಸರು ಒಣಗಿದ ಹಾಗೆಯೇ, ಸಾಲು ಬಿಟ್ಟು ನೇರ ಅಲ್ಲಿಗೆ ಬರತೊಡಗಿದರು. ಅಂಗಿ ತೆಗೆಯದ ಹುಡುಗರ ಅಮ್ಮಂದಿರೂ ಬಂದರು.

ಕೊನೆಯ ಸಂಜೆ ಪೊಲೀಸ್ ಕಾರು ಬಂದು ನಿಂತಿತು. ಮತ್ತೆ ನನಗೆ ಮೊದಲು ಕಂಡಿದ್ದು ಬೂಟು. ಯಾರ ಮೈ ಓಡಲು ತವಕಿಸಲಿಲ್ಲ ಅಂತ ಹೇಳಲಿ? ನನ್ನ ಕೈ ಉರಿಯೆಲ್‌ನ ತೋಳು ಹುಡುಕಿತು. ಯಾರೂ ಏಳಲಿಲ್ಲ. ಎರ್ಮೆಲಿಂದಾ ತಲೆ ಕೂಡ ಎತ್ತಲಿಲ್ಲ. ಹೂವಿನಿಂದ ಕೆಂಪು ಹೊಟ್ಟನ್ನು ತಟ್ಟೆಗೆ ಗುಡಿಸುತ್ತಿದ್ದಳು. ಈ ಸಲ ಹೃದಯ ಎತ್ತುತ್ತಿದ್ದವಳು ಅವಳೇ. ತಾಯಿ ಎತ್ತುವ ಪದ್ಧತಿ ಇಲ್ಲ. ತಾತ ಬೇಡವೆನ್ನಲಿಲ್ಲ.

ಪೊಲೀಸಿನವನು ಎಲ್ಲರನ್ನೂ ಒಂದು ಸುತ್ತು ನೋಡಿದ. "ಇದು ಸರಕಾರದ ಜಾಗ. ನಿಮ್ಮಲ್ಲಿ ಈ ದೇಶದ ಪ್ರಜೆ ಅನ್ನೋರು ಒಬ್ಬರಾದ್ರೂ ಇದ್ದೀರಾ?"

ನಾನು ನಮ್ಮ ಮಾತಿನಲ್ಲಿ ಎರ್ಮೆಲಿಂದಾಗೆ ಹೇಳಿದೆ. ಅವಳು ಗುಡಿಸುವುದನ್ನು ನಿಲ್ಲಿಸಿದಳು. ಕೆಂಪಾದ ಬೆರಳಿನಿಂದ ಜಾಲರಿಯ ಕೆಳಗಿನ ಕತ್ತಲನ್ನು ತೋರಿಸಿದಳು.

"ಒಬ್ಬ ಇದ್ದಾನೆ," ಎಂದಳು. "ಕೆಳಗಿದ್ದಾನೆ. ಕರ್ಕೊಂಡು ಹೋಗೋಕೆ ಬಂದಿದ್ದೀವಿ."

ನಾನು ಎದ್ದು ನಿಂತು ಅದನ್ನು ಅವನಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಈ ಸಲ ಸರಿಯಾಗಿ ಹೇಳಿದೆ.